ಜೂನ್ ಒಂದಕ್ಕ ಹುಟ್ಟಿದವರು

ನನ್ನ ಹುಟ್ಟಿದ ತಾರೀಖು ಜೂನ್ ಒಂದು. ನಮ್ಮ ಅಕ್ಕಂದೂ ಜೂನ್ ಒಂದು. ನಮ್ಮೂರು ಯಂಕಂಚಿಯೊಳಗ ನನ್ನ ಕೂಡ ಸಾಲಿ ಕಲ್ತ ಅರ್ಧಾ ಮಂದಿದು ಜೂನ್ ಒಂದು. ಹೊರಗಿನವ್ರು ಕೇಳಿದ್ರ ನಗ್ತಾರ. ನಗೂದೇನೈತಿ ಅದರಾಗ? ನಮ್ಮ ಕಡೆ ಹಡದ ತಾಯಿಗೆ ಕೂಸು ಹುಟ್ಟಿದ್ದು ಜೋಳದ ರಾಶಿ ಮಾಡೂಮುಂದೋ, ಕಾರಹುಣ್ಣಿಮಿ ಹಿಂದಿನ ದಿವಸೋ ಅನ್ನೂದು ಬರೋಬ್ಬರಿ ನೆನಪಿರ್ತೈತಿ. ಆದ್ರ ಸಾಲಿ ಮಾಸ್ತರಿಗೆ ಬೇಕಾಗಿದ್ದು ತಾರೀಖು. ಮಾಸ್ತರು ಹುಡುಗನ ಬಲಗೈ ತಲಿ ಮ್ಯಾಲಿಂದ ಹಾಸಿ ಎಡಗಿವಿ ಮುಟ್ಟತೈತೇನು ನೋಡೋರು. ಮುಟ್ಟಿತಂದ್ರ ಸಾಲಿ ಚಾಲೂ ಆಗೂ ದಿನ ಹಿಡದು ಜೂನ್ ಒಂದು ಅಂತ ಬರದು, ಅಂದಾಜಿನ ಮ್ಯಾಲ ಒಂದು ಇಸವಿ ಹಚ್ಚಿ, ಒಳಗ ಕುಂಡರಿಸೋರು.

ನನ್ನ ಸಾಲಿಗೆ ಹಾಕೂ ದಿವಸ ಅಪ್ಪ ಅಕ್ಕನ್ನೂ ಕರಕೊಂಡು ಹೋದ. ಅಕ್ಕ ನನಗಿಂತ ಎರಡು ವರ್ಷ ದೊಡ್ಡಾಕಿ. ಅಷ್ಟೊತ್ತಿಗೆ ಅಕಿ ಎರಡನೇ ಇಯತ್ತೆ ಮುಗಿಸಿರಬೇಕಾಗಿತ್ತು, ಆದ್ರ ನನ್ನ ಟೊಂಕದ ಮ್ಯಾಲ ಹೊತ್ಕೊಂಡು ತಿರಗೂ ಕೆಲಸ ಅಕಿಗಿತ್ತು. ನಾ ಸಾಲಿಗೆ ಹೋಗುವಷ್ಟಾದಮ್ಯಾಲ ಅಕಿ ಕೆಲಸ ಮುಗೀತು, ಅಕಿ ಹೆಸರೂ ಹಚ್ಚಿದ್ರು. ಮಾಸ್ತರು ಇಬ್ಬರ ಕಿವಿನೂ ನೋಡಿ ಇಬ್ಬರಿಗೂ ಜೂನ್ ಒಂದು, ಇಬ್ಬರಿಗೂ ಒಂದ ಇಸವಿ ಬರದ್ರು. ‘ಅವಳಿ ಏನ್ರಿ?’ ಅಂತ ಕೇಳಿದ್ರಂತ. ಅಪ್ಪ ‘ಏನರ ಬರ್ಕೋರಿ, ನನಗ ಹೊಲಕ್ಕ ಹೋಗೂದೈತಿ’ ಅಂದನಂತ. ಅವತ್ತಿನಿಂದ ಕಾಗದದ ಮ್ಯಾಲ ನಾವಿಬ್ರೂ ಅವಳಿ ಮಕ್ಕಳು. ಮನ್ಯಾಗ ಇದನ್ನ ಹೇಳಿ ಹೇಳಿ ನಕ್ಕೇವಿ. ನಗಿಯೊಳಗ ಹೋಗೂ ಮಾತಿದು ಅಂತ ಮೂವತ್ತು ವರ್ಷ ತಿಳ್ಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ನಾ ಸಿಂದಗಿಯೊಳಗ ನೌಕರಿ ಮಾಡ್ತಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಕಾಲೇಜುಗಳ ಸಲುವಾಗಿ ವಿಶ್ವವಿದ್ಯಾಲಯದವ್ರು ಒಂದು ಡಿಜಿಟಲ್ ಭಂಡಾರ ಮಾಡಿದ್ರು. ಭಂಡಾರ ಅಂದ್ರ ಮತ್ತೇನಲ್ಲ. ಒಂದು ದೊಡ್ಡ ಕಂಪ್ಯೂಟರಿನೊಳಗ ಸಂಶೋಧನಾ ಪ್ರಬಂಧ, ಹಳೇ ಪ್ರಶ್ನೆಪತ್ರಿಕೆ, ಸ್ಕ್ಯಾನ್ ಮಾಡಿದ ಹಸ್ತಪ್ರತಿ, ಹಲಸಂಗಿ ಕಡೆ ಮುದುಕರ ಬಾಯಿಂದ ರೆಕಾರ್ಡ್ ಮಾಡ್ಕೊಂಡು ಬಂದ ಹಾಡು, ಎಲ್ಲಾ ಇಡೂದು. ಇಟ್ಟು, ಯಾರಿಗೆ ಎಷ್ಟು ತೋರಿಸಬೇಕೋ ಅಷ್ಟ ತೋರಿಸೂದು. ವಿದ್ಯಾರ್ಥಿಗಳ ಗುಂಪಿಗೆ ಒಂದಿಷ್ಟು, ಮಾಸ್ತರ ಗುಂಪಿಗೆ ಇನ್ನಷ್ಟು, ಸಂಶೋಧನೆ ಮಾಡಾವ್ರಿಗೆ ಅವರವರ ಕೀಲಿ ಹಾಕಿದ ಪೆಟ್ಟಿಗಿ. ಯಾರು ಯಾವ ಗುಂಪಿನ್ಯಾಗ ಅನ್ನೂದನ್ನ ಹಚ್ಚೂ ಕೆಲಸ ನಂದು.

ನಂದು ಸಿಟ್ಟಿನ ಸ್ವಭಾವ. ಮುಚ್ಚಿಡೂದೇನೈತಿ, ಊರಿಗೆಲ್ಲಾ ಗೊತ್ತೈತಿ. ಮೊದಲಿನ ವರ್ಷ ಒಂದೊಂದು ಅಕೌಂಟನ್ನೂ ಕೈಯಿಂದ ಮಾಡ್ತಿದ್ದೆ. ಪ್ರಾಚಾರ್ಯರ ಸಹಿ, ಶಿಕ್ಕಾ, ಎರಡು ಫೋಟೋ ಹಚ್ಚಿದ ಫಾರ್ಮು ಬರ್ತಿತ್ತು. ಅದನ್ನ ನೋಡಿ ಹೆಸರು ಹೊಡಿ, ಊರು ಹೊಡಿ, ಗುಂಪಿಗೆ ಹಚ್ಚು. ಇಂಡಿಯಿಂದ ಒಬ್ಬಾಕಿ ಹುಡುಗಿ ಪಾಸ್‌ವರ್ಡಿನ ಸಲುವಾಗಿ ಮೂರು ಸಲ ಬಸ್ ಹತ್ತಿ ಬಂದಿದ್ಲು, ಮೂರೂ ಸಲ ನಂದು ಮುಗದಿರ್ಲಿಲ್ಲ. ಮೂರನೇ ಸಲ ಅಕಿ ಕಣ್ಣಾಗ ನೀರು ತಂದ್ಲು, ನಾ ಅಕಿಗೇ ಒದರಿ ಕಳಿಸಿದೆ. ಆಮ್ಯಾಲ ಊಟಾ ಸೇರ್ಲಿಲ್ಲ.

ಅವತ್ತ ಠರಾಯಿಸಿದೆ, ಇದನ್ನ ಕಂಪ್ಯೂಟರಿಗೇ ಬಿಡಬೇಕು. ತಿಂಗಳಾನುಗಟ್ಲೆ ಕುಂತು ಒಂದು ಪ್ರೋಗ್ರಾಮು ಬರದೆ. ನಾಲ್ಕೂ ತಾಲೂಕಿನ ಕಾಲೇಜಿನವ್ರು ತಮ್ಮ ಮಂದಿ ಹೆಸರಿನ ಯಾದಿ ಕಳಿಸಿದ್ರ ಸಾಕು. ಪ್ರತಿ ಶನಿವಾರ ಮಧ್ಯಾಹ್ನ ಆ ಪ್ರೋಗ್ರಾಮು ಯಾದಿ ಓದಿ, ಹೊಸಬರಿಗೆ ಅಕೌಂಟು ಮಾಡಿ, ಅವರವರ ಗುಂಪಿಗೆ ಹಚ್ಚಿ, ಬಿಟ್ಟು ಹೋದವ್ರನ್ನ ತಗದು, ಎಲ್ಲಾ ತಾನ ಮಾಡ್ತಿತ್ತು. ನನ್ನ ಮ್ಯಾಲಿನ ಗ್ರಂಥಪಾಲರು, ದಿನಾ ಇಂಡಿಯಿಂದ ಬಸ್ಸಿಗೆ ಬರೋರು, ಅವ್ರಿಗೆ ನಾವು ಸಾಹೇಬ್ರು ಅಂತಿದ್ವಿ, ಮೊದಲಿನ ಶನಿವಾರ ನನ್ನ ಹಿಂದ ನಿಂತು ನೋಡಿ ‘ಏನ್ ಮಾಡೀಯೋ ಮಾರಾಯ’ ಅಂದ್ರು. ನಾ ಒಂದು ವಾರ ನೆಲದ ಮ್ಯಾಲ ನಡೀಲಿಲ್ಲ.

ಒಂದ ತೊಂದ್ರಿ ಇತ್ತು. ಒಬ್ಬ ಮನಷ್ಯಾ ಮೂರು ಯಾದಿಯೊಳಗ ಮೂರು ಥರಾ ಬರ್ತಿದ್ದ. ಕಾಲೇಜಿನ ಯಾದಿಯೊಳಗ ಇನಿಷಿಯಲ್ ಮುಂದ, ಸಂಶೋಧಕರ ಯಾದಿಯೊಳಗ ಹಿಂದ, ಇನ್ನೊಂದರಾಗ ಮನ್ಯಾಗ ಕರಿಯೂ ಹೆಸರ. ಒಬ್ಬೊಬ್ಬರಿಗೆ ಎರಡೆರಡು ಅಕೌಂಟು ಆಗಿ, ಒಂದರಾಗ ಇದ್ದ ಹಕ್ಕು ಇನ್ನೊಂದರಾಗ ಇರ್ತಿರ್ಲಿಲ್ಲ. ನಾ ತಲಿ ಓಡಿಸಿದೆ. ಹೆಸರು ಹೆಂಗರ ಬರೀಲಿ, ತಂದಿ ಹೆಸರು, ಅಡ್ಡಹೆಸರು, ಹುಟ್ಟಿದ ತಾರೀಖು ಈ ಮೂರೂ ಕೂಡಿದ್ರ ಅವ್ರು ಒಬ್ಬರ ಅಂತ ತಿಳಿ, ಎರಡೂ ಅಕೌಂಟಿಗೆ ಒಂದ ಹಕ್ಕು ಕೊಡು ಅಂತ ಪ್ರೋಗ್ರಾಮಿಗೆ ಹೇಳಿದೆ. ಒಂದ ತಂದಿಗೆ ಒಂದ ದಿವಸ ಹುಟ್ಟಾವ್ರು ಅವಳಿ ಮಕ್ಕಳು ಮಾತ್ರ. ಅಂಥಾವ್ರು ಎಷ್ಟ ಮಂದಿ ಇದ್ದಾರು?

ಇದನ್ನ ವಿಚಾರ ಮಾಡಾಂವ ಯಾರು? ಜೂನ್ ಒಂದಕ್ಕ ಹುಟ್ಟಿದಾಂವ. ಎದುರಿಗೆ ಗ್ವಾಡಿ ಮ್ಯಾಲ ನನ್ನ ಗುರುತಿನ ಚೀಟಿ ತೂಗ್ತಿತ್ತು, ಅದರ ಮ್ಯಾಲ ಜೂನ್ ಒಂದು ಅಂತ ಅಚ್ಚ ಹಾಕಿತ್ತು. ಒಂದ ಸಲಾನೂ ತಲಿಗೆ ಹೊಳೀಲಿಲ್ಲ.

ಹೊಳಿಯೂ ಹಂಗ ಒಬ್ರು ಬಂದು ಹೇಳಿದ್ರು ಖರೇ. ಇಂಡಿ ಕಡೆಯ ಒಬ್ಬ ಪ್ರಾಧ್ಯಾಪಕರು, ವಯಸ್ಸಾದವ್ರು, ಸೌಮ್ಯ ಮನಷ್ಯಾ. ‘ನನ್ನ ಪುಟದಾಗ ನನ್ನ ತಮ್ಮನ ಪುಸ್ತಕ ಕಾಣಸಾಕತ್ತಾವ್ರಿ. ನಾವಿಬ್ರೂ ಮಾತಾಡಿ ಭಾಳ ವರ್ಷ ಆತು. ಅಂವ ಏನು ಓದ್ತಾನ ಅನ್ನೂದು ನನಗ್ಯಾಕ ಬೇಕ್ರಿ, ತಗೀರಿ’ ಅಂದ್ರು. ನಾ ಏನು ಮಾಡಿದೆ? ‘ನೀವ ಏನೋ ಒತ್ತಬಾರದ್ದು ಒತ್ತೀರಿ’ ಅಂತ ಜೋರು ಮಾಡಿ ಕಳಿಸಿದೆ.

ಇನ್ನ ಅಕ್ಕನ ಮಾತು. ಅಕ್ಕ ಮುದ್ದೇಬಿಹಾಳದಾಗ ಕಾಲೇಜಿನ್ಯಾಗ ಕಲಿಸ್ತಿದ್ಲು. ಮದವಿ ಆಗಿದ್ರೂ ನೌಕರಿ ಕಾಗದದಾಗ ತವರಮನಿ ಅಡ್ಡಹೆಸರ ಉಳದಿತ್ತು. ಅಕಿ ಸಂಶೋಧನೆ ಏನಂದ್ರ, ಹೆಣಮಕ್ಕಳು ಮನ್ಯಾಗ ಯಾರ ಮುಂದೂ ಹೇಳದ ಮಾತು. ನಾಲ್ಕೂ ತಾಲೂಕಿನ ಹಳ್ಳಿ ಅಡ್ಡ್ಯಾಡಿ, ಜೋಳಾ ಹಸನ ಮಾಡೂ ಕಡೆ, ರೊಟ್ಟಿ ಬಡಿಯೂ ಕಡೆ ಕುಂತು ರೆಕಾರ್ಡ್ ಮಾಡ್ಕೊಂಡಿದ್ಲು. ಅವ್ರು ಮಾತಾಡಿದ್ದು ಒಂದ ಮಾತಿನ ಮ್ಯಾಲ. ನಮ್ಮ ಮನಿ ಮಂದಿ ಕಿವಿಗೆ ಬೀಳಬಾರದು.

ಅದನ್ನ ಭಂಡಾರದಾಗ ಇಡಾಕ ಬಂದಾಗ ಅಕ್ಕ ನನ್ನ ಎದುರಿಗೆ ಕುಂತು ಕೇಳಿದ್ಲು. ‘ಗ್ಯಾರಂಟಿ ಏನು?’

‘ನಿನಗೂ ನಿನ್ನ ಗೈಡಿಗೂ ಬಿಟ್ರ ಯಾರಿಗೂ ತೆರಿಯಾಂಗಿಲ್ಲ.’

‘ನಿನಗ?’

‘ಕೆಲಸದ ಅಕೌಂಟಿನಿಂದ ನಾ ಎಲ್ಲಾ ನೋಡಬಹುದು. ಆದ್ರ ಪೋಸ್ಟಮನ್ ಪತ್ರ ಒಡದು ಓದ್ತಾನೇನು?’

ಅಕ್ಕ ನನ್ನ ಮಾರಿ ನೋಡಿ ನೋಡಿ, ‘ಹಂಗಾರ ನೀ ಹೊರಗ ಹೋಗಿ ಚಾ ಕುಡದು ಬಾ’ ಅಂದ್ಲು. ನಾ ಚಾ ಕುಡದು ಬರೂದ್ರಾಗ ಸೀಡಿಯೊಳಗಿದ್ದದ್ದನ್ನೆಲ್ಲಾ ತಾನ ಏರಿಸಿ ಕೀಲಿ ಹಾಕಿದ್ಲು. ಯಾರ ಹೆಸರೂ ಇಲ್ಲ, ಊರು ಮತ್ತ ನಂಬರು, ಅಷ್ಟ. ತಮ್ಮನ ಮ್ಯಾಲ ಇಷ್ಟ ನಂಬಿಗಿ ಇಲ್ಲೇನು ಅಂತ ನನಗ ಸ್ವಲ್ಪ ಸಿಟ್ಟ ಬಂದಿತ್ತು.

ಮನ್ಯಾಗ ನಮ್ಮ ಅವ್ವ, ನನ್ನ ಹೆಂಡತಿ, ಎರಡು ಹೆಣಮಕ್ಕಳು. ಹೆಂಡತಿ ತವರಮನಿ ಹೂವಿನ ಹಿಪ್ಪರಗಿ. ಸಣ್ಣಾಕಿ ಹುಟ್ಟಿ ಐದು ವರ್ಷ ಆಗಿತ್ತು, ಆ ಐದು ವರ್ಷನೂ ಅವ್ವ ಒಂದು ಗಂಡ ಕೂಸಿನ ಸಲುವಾಗಿ ಸೊಸಿನ್ನ ಕರಕೊಂಡು ತಿರುಗದ ಗುಡಿ ಇಲ್ಲ, ದರ್ಗಾ ಇಲ್ಲ, ಗಿಡಮೂಲಿಕಿ ಕೊಡೂ ಅಜ್ಜ ಇಲ್ಲ. ಅವ್ವ ಕೆಟ್ಟಾಕಿ ಅಲ್ಲ. ಮೊಮ್ಮಕ್ಕಳ ತಲಿ ಬಾಚದ ಸಾಲಿಗೆ ಕಳಿಸಾಕಿ ಅಲ್ಲ. ಆದ್ರ ಅದೊಂದು ಹಟ. ಕಡೀಕ ಸೊಲ್ಲಾಪುರದ ಒಬ್ಬ ದೊಡ್ಡ ಡಾಕ್ಟರಬಾಯಿ ಹತ್ರ ಸೋಮವಾರಕ್ಕ ನಂಬರ್ ಹಚ್ಚಿಸಿದ್ಲು. ‘ಮಶೀನ ಹಾಕಿ ಒಳಗಿಂದೆಲ್ಲಾ ನೋಡ್ತಾರಂತ. ಏನ್ ಐತೋ ನನ್ನ ಮುಂದ ಹೇಳ್ಲಿ’ ಅಂದ್ಲು. ಹೆಂಡತಿ ಮಾರಿ ಸಣ್ಣದಾತು. ಬಸ್ಸಿನಾಗ ವಾಂತಿ ಆಗ್ತೈತಿ ಅಂದ್ಲು, ಹುಡುಗ್ಯಾರ ಪರೀಕ್ಷೆ ಅಂದ್ಲು. ‘ಸುಮ್ಮನ ಹೋಗಿ ಬಾ, ಅವ್ವನ ಸಮಾಧಾನಕ್ಕ’ ಅಂತ ನಾ ದನಿ ಏರಿಸಿದೆ. ಅಕಿ ಎದ್ದು ಅಡಗಿ ಮನಿಗೆ ಹೋದ್ಲು.

ಇದು ಶುಕ್ರವಾರ. ಮರುದಿವಸ ಶನಿವಾರ ಮಧ್ಯಾಹ್ನ ಪ್ರೋಗ್ರಾಮು ಓಡಿ ಮುಗೀತು. ಆ ವಾರ ಮುದ್ದೇಬಿಹಾಳದ ಹೊಸ ಯಾದಿ ಬಂದಿತ್ತು, ಅದರಾಗ ಮೊದಲನೇ ಸಲ ಎಲ್ಲಾರ ಹುಟ್ಟಿದ ತಾರೀಖು ತುಂಬಿ ಕಳಿಸಿದ್ರು. ಎಲ್ಲಾ ಬರೋಬ್ಬರಿ ಐತೇನು ನೋಡಬೇಕಂತ ನಾ ನನ್ನ ಸಾದಾ ಅಕೌಂಟಿನಿಂದ, ಅಂದ್ರ ಓದೂವ್ರ ಹಂಗ, ಒಳಗ ಹೋದೆ. ನನ್ನ ಪುಟದಾಗ ಒಂದು ಹೊಸ ಪೆಟ್ಟಿಗಿ ಕಂಡಿತು. ಅಕ್ಕನ ಪೆಟ್ಟಿಗಿ.

ನಾ ತಿಳ್ಕೊಂಡಿದ್ದು ಏನಂದ್ರ, ಅಕ್ಕ ತಾನ ನನ್ನ ಒಳಗ ಬಿಟ್ಟಾಳ. ಅವತ್ತಿನ ಮಾತಿಗೆ ಕೆಟ್ಟ ಅನಿಸಿ ತಮ್ಮನ್ನೂ ಗುಂಪಿಗೆ ಹಚ್ಕೊಂಡಾಳ ಅಂತ ಖುಷಿ ಆತು. ಒಳಗ ಊರಿನ ಯಾದಿ ಇತ್ತು. ‘ಹೂವಿನ ಹಿಪ್ಪರಗಿ, ಮೂರು’ ಅಂತ ನೋಡಿ, ನಮ್ಮ ಬೀಗರ ಊರಲ್ಲಾ ಅಂತ ಅದನ್ನ ಒತ್ತಿ ಹೆಡ್‌ಫೋನ್ ಹಾಕ್ಕೊಂಡೆ.

ಮೊರದಾಗ ಜೋಳಾ ಕೇರೂ ಸಪ್ಪಳ. ಅಕ್ಕನ ದನಿ, ‘ಮನ್ಯಾಗ ಯಾರ ಮುಂದೂ ಹೇಳದ್ದು ಒಂದು ಹೇಳ್ರಿ.’ ಸ್ವಲ್ಪ ಹೊತ್ತು ಬರೇ ಜೋಳದ ಸಪ್ಪಳ. ಆಮ್ಯಾಲ, ‘ನಂದೇನು ಹೇಳ್ಲಿ ಅಕ್ಕಾರ, ನಿಮಗ ಗೊತ್ತ ಐತಿ.’

ಅದು ದಿನಾ ಮುಂಜಾನಿ ನನಗ ‘ಚಾ ಆಗೈತ್ರಿ’ ಅನ್ನೂ ದನಿ.

ತಗೀಬೇಕಿತ್ತು ಆ ಹೆಡ್‌ಫೋನ್. ಕೈ ಅಲ್ಲಿತನಕ ಹೋತು, ಆದ್ರ ತಗೀಲಿಲ್ಲ.

‘ಸಣ್ಣಾಕಿ ಹುಟ್ಟೂಮುಂದ ನಂದು ಮುಗದಿತ್ರಿ. ರಕ್ತ ನಿಲ್ಲಲೇ ಇಲ್ಲ. ಡಾಕ್ಟರಬಾಯಿ ನಮ್ಮವ್ವನ್ನ ಹೊರಗ ಕರದು, ಕೂಸು ಉಳದೈತಿ, ತಾಯಿದು ಹೇಳಾಕ ಬರಾಂಗಿಲ್ಲ ಅಂದ್ರಂತ. ಹೆಂಗೋ ಉಳದೆ. ಮರುದಿವಸ ನನ್ನ ಕೈ ಹಿಡದು, ಇನ್ನೊಂದು ಹಡದ್ರ ನೀ ಉಳಿಯಾಂಗಿಲ್ಲವ್ವಾ, ಆಪರೇಷನ್ ಮಾಡಿಸ್ಕೊಂಡ ಬಿಡು ಅಂದ್ರು. ನಮ್ಮ ಮನಿಯವ್ರಿಗೆ ಹೇಳಬೇಕಂತ ಕಾಯ್ಕೋತ ಇದ್ದೆ. ಬಂದ್ರು ಅವ್ರು. ಬಂದಾವ್ರು ಬಾಗಲದಾಗ ನಿಂತು, ಕೂಸಿನ ಕೈಗೆ ನಂಬರಿನ ಚೀಟಿ ಕಟ್ಟಿಲ್ಲಂತ ನರ್ಸಬಾಯಿಗೆ ಒದರಾಡಿದ್ರು. ಹಿಂಗ ಗುರುತು ಇಲ್ದ ಇಟ್ರ ಕೂಸು ಅದಲಿ ಬದಲಿ ಆಗ್ತಾವು ಅಂತ. ಆಮ್ಯಾಲ ಬಸ್ ತಪ್ಪತೈತಿ ಅಂತ ಹೋಗಿಬಿಟ್ರು. ನಾ ಬಾಯಿ ತೆರದಾಕಿ ಹಂಗ ಮುಚ್ಚಿದೆ.’

ಆ ಚೀಟಿ ಜಗಳ ನನಗ ಚೊಲೋ ನೆನಪಿತ್ತು. ದವಾಖಾನಿಯವ್ರಿಗೆ ನಾ ಹೆಂಗ ಬುದ್ಧಿ ಕಲಿಸಿದೆ ಅಂತ ಎಷ್ಟೋ ಮಂದಿ ಮುಂದ ಹೇಳಿ ನಗಿಸಿದ್ದೆ. ಅಕಿ ಕೂಡ ಅಲ್ಲೇ ಕುಂತು ಕೇಳ್ತಿದ್ಲು, ಒಂದೊಂದು ಸಲ ನಗ್ತಿದ್ಲು ಸೈತ.

‘ಆಪರೇಷನ್ನಿಗೆ ಗಂಡನ ಸಹಿ ಕೇಳಿದ್ರು. ನೀವ ಅಲ್ರಿ ಅಕ್ಕಾರ ಮಾಡಿದ್ದು.’ ಅಕ್ಕ ಮೆಲ್ಲಕ ನಕ್ಕಳು. ‘ಕಾಗದದ ಮ್ಯಾಲ ನಾವು ಅವಳಿ ಅಲ್ಲೇನು. ಅವನ ಸಹಿ ನನ್ನ ಕೈಯಾಗೂ ಬರ್ತೈತಿ.’

ಅಷ್ಟಕ್ಕ ಮುಗೀಲಿಲ್ಲ. ಅಕ್ಕ ಅಂದ್ಲು, ‘ಈಗರ ತಮ್ಮಗ ಹೇಳೇಬಿಡು.’ ಹೆಂಡತಿ ಅಂದ್ಲು, ‘ಬ್ಯಾಡ್ರಿ. ಕೆಟ್ಟವ್ರಲ್ಲ ಅವ್ರು. ಆದ್ರ ಕೇಳೂಕಿಂತ ಮೊದಲ ಒದರ್ತಾರ. ಅವ್ರು ಒದರೂದ್ರಾಗ ನಾ ಏನು ಹೇಳಾಕ ಬಂದಿದ್ದೆ ಅನ್ನೂದು ನನಗ ಮರತು ಹೋಗ್ತೈತಿ. ಅತ್ತಿ ವರ್ಷಕ್ಕೊಂದು ಹೊಸ ದೇವರು ಹುಡುಕ್ತಾರ. ಹೋಗ್ತೇನಿ, ಕಾಯಿ ಒಡಸ್ತೇನಿ. ಒಳಗೊಳಗ ದೇವರ ಮುಂದ ತಪ್ಪಾತು ಅಂತೇನಿ.’ ಮತ್ತ ಜೋಳದ ಸಪ್ಪಳ. ಅಲ್ಲಿಗೆ ಬಂದ್ ಆತು.

ಹೆಡ್‌ಫೋನ್ ತಗದಿಟ್ಟೆ. ಸಾಹೇಬ್ರು ಬಾಗಲದಾಗ ಇಣುಕಿ ‘ಯಾಕೋ, ಮಾರಿ ಹಂಗ್ಯಾಕಾಗೈತಿ?’ ಅಂದ್ರು. ತಲಿ ನೋವು ಅಂತ ಕೈ ಸನ್ನಿ ಮಾಡಿದೆ. ಅವ್ರು ಬಸ್ಸಿಗೆ ಹೊಂಟ್ರು.

ಖರೇ ಹೇಳ್ತೇನಿ, ಮೊದಲ ಬಂದಿದ್ದು ಸಿಟ್ಟ. ಐದು ವರ್ಷ! ಹೆಂಡತಿ, ಅಕಿ ಅವ್ವ, ನಮ್ಮ ಅಕ್ಕ, ಮೂರೂ ಮಂದಿ ಕೂಡಿ ನನ್ನ ಹುಚ್ಚನ್ನ ಮಾಡ್ಯಾರ ಅಂತ. ಮನಿಗೆ ಹೋಗಿ ಎಲ್ಲಾ ಹೊರಗ ಹಾಕಬೇಕಂತ ಚಪ್ಪಲಿ ಮೆಟ್ಟಿದೆ. ಬಾಗಲತನಕ ಹೋದಾಂವ ಅಲ್ಲೇ ನಿಂತೆ. ಒದರಾಕ ಹೊಂಟಿದ್ದೆ. ಅಕಿ ನನ್ನ ಬಗ್ಗೆ ಹೇಳಿದ್ದನ್ನ ಖರೇ ಮಾಡಾಕ ಹೊಂಟಿದ್ದೆ. ಹೊಳ್ಳಿ ಬಂದು ಕುರ್ಚಿ ಮ್ಯಾಲ ಕುಂತೆ.

ಕುಂತ ಮ್ಯಾಲ ಇನ್ನೊಂದು ನೆನಪಾತು. ಅಕ್ಕ ನನಗ ಈ ಪೆಟ್ಟಿಗಿ ಬಿಟ್ಟಿರಾಕ ಸಾಧ್ಯನ ಇಲ್ಲ. ಹಂಗಾರ ಬಿಟ್ಟಾವ್ರು ಯಾರು? ಪ್ರೋಗ್ರಾಮು ಅವತ್ತ ಏನೇನು ಮಾಡಿತ್ತು ಅನ್ನೂದನ್ನ ತಗದು ನೋಡಿದೆ. ಒಂದು ಸಾಲಿನ್ಯಾಗ ಇತ್ತು. ನನ್ನ ನಂಬರು, ಅಕ್ಕನ ನಂಬರು, ತಂದಿ ಹೆಸರು ಕೂಡೈತಿ, ಅಡ್ಡಹೆಸರು ಕೂಡೈತಿ, ಜೂನ್ ಒಂದು, ಇಸವಿ ಕೂಡೈತಿ, ಇಬ್ರೂ ಒಬ್ಬರ.

ಆ ಸಾಲಿನ ಕೆಳಗ ಹಾಳಿ ತುಂಬ ಅಂಥಾವ ಇದ್ವು. ನಾಲ್ಕೂ ತಾಲೂಕಿನ ಅಣ್ಣತಮ್ಮಂದಿರು, ಅಕ್ಕತಂಗ್ಯಾರು, ಒಂದ ದಿವಸ ಸಾಲಿಗೆ ಹೆಸರು ಹಚ್ಚಿದಾವ್ರು, ಜೂನ್ ಒಂದರಾವ್ರು. ನಾನೂ ಅವ್ರೊಳಗಿನಾಂವ ಇದ್ದು ಅವ್ರನ್ನೆಲ್ಲಾ ಹಿಡದು ಒಬ್ಬೊಬ್ಬರ ಮಾಡಿಟ್ಟಿದ್ದೆ. ಇಂಡಿಯ ಆ ಪ್ರಾಧ್ಯಾಪಕರೂ, ಅವ್ರ ತಮ್ಮನೂ ಅದರಾಗ ಇದ್ರು. ಅವ್ರು ಬಂದು ಹೇಳಿದಾಗ ಕೇಳಿದ್ರ ಇವತ್ತಿಂದು ಆಗ್ತಿದ್ದಿಲ್ಲ. ಅವ್ರಿಗೂ ಒದರಿದ್ದೆ.

ಪ್ರೋಗ್ರಾಮಿನ್ಯಾಗಿನ ಆ ನಿಯಮ ತಗದು, ಎಲ್ಲಾ ಬಿಡಿಸಿದೆ. ಕೈಯಿಂದ, ಒಂದೊಂದ. ಆಮ್ಯಾಲ ಅಕ್ಕನ ಪೆಟ್ಟಿಗಿ ಯಾರ್ಯಾರು ತೆರದಾರ ಅನ್ನೂದನ್ನ ತಗದೆ. ಅಕ್ಕ, ಗೈಡು, ಮತ್ತ ನಾನು. ಬ್ಯಾರೆ ಯಾರೂ ಇಲ್ಲ. ಉಸಿರು ಬಿಟ್ಟೆ. ಇದ ಯಾದಿ ಪ್ರತಿ ಶನಿವಾರ ಸಂಜಿ ಆರಕ್ಕ ಪೆಟ್ಟಿಗಿ ಇಟ್ಟಾವ್ರಿಗೆ ತಾನ ಇ-ಮೇಲ್ ಆಗಿ ಹೋಗ್ತಿತ್ತು, ಅದೂ ನಾನ ಮಾಡಿದ್ದು. ಆರು ಆಗಾಕ ಇಪ್ಪತ್ತು ನಿಮಿಷ ಇತ್ತು. ನನ್ನ ಹೆಸರಿನ ಸಾಲು ಅಳಸಿದ್ರ ಅಕ್ಕಗ ಗೊತ್ತಾಗ್ತಿದ್ದಿಲ್ಲ, ಯಾರಿಗೂ ಗೊತ್ತಾಗ್ತಿದ್ದಿಲ್ಲ. ಅದರ ಮ್ಯಾಲ ಬಾಣದ ಗುರುತು ತಂದು ಇಟ್ಟೆ. ಎಷ್ಟೋ ಹೊತ್ತು ಇಟ್ಕೊಂಡ ಕುಂತೆ. ಆಮ್ಯಾಲ ಅಳಸದನ ಮುದ್ದೇಬಿಹಾಳಕ್ಕ ಫೋನ್ ಹಚ್ಚಿದೆ.

‘ಅಕ್ಕಾ, ನಾ ಕೇಳಿದೆ. ಹಿಪ್ಪರಗಿ ಮೂರು.’

ಹೆಂಗಾತು ಅನ್ನೂದೆಲ್ಲಾ ಹೇಳಿದೆ. ಜೂನ್ ಒಂದು ಅಂದಾಗ ಅಕ್ಕ ‘ಯವ್ವಾ’ ಅಂದ್ಲು, ಅಷ್ಟ.

ಮೊದಲ ಕೇಳಿದ್ದು ಇದನ್ನ. ‘ಅಕಿಗೆ ಒದರಿದೇನು?’

‘ಇನ್ನೂ ಮನಿಗೆ ಹೋಗಿಲ್ಲ.’

‘ಒದರಿದಿ ಅಂದ್ರ ನಾಳೆ ಮೊದಲನೇ ಬಸ್ಸಿಗೆ ಬಂದು ಅಕಿನ್ನೂ ಹುಡುಗ್ಯಾರನ್ನೂ ಕರಕೊಂಡು ಹೋಗ್ತೇನಿ ನೋಡು.’ ಆಮ್ಯಾಲ ಅಂದ್ಲು, ‘ನಾ ಆ ಹೆಣಮಕ್ಕಳ ತಲಿ ಮ್ಯಾಲ ಕೈ ಇಟ್ಟು ಮಾತು ಕೊಟ್ಟಿದ್ನೋ ತಮ್ಮಾ. ಅಕಿಗೆ ನೀನ ಹೇಳು. ಅಳಸು ಅಂತ ಅಕಿ ಅಂದ್ರ ಅಕಿದಷ್ಟ ಅಲ್ಲ, ಎಲ್ಲಾರದೂ ಅಳಸ್ತೇನಿ. ಸಂಶೋಧನೆ ಮನಿ ಹಾಳಾಗ್ಲಿ.’ ಏಳು ವರ್ಷದ ಕೆಲಸ ಅಕಿದು.

ಭಾನುವಾರ ಇಡೀ ದಿವಸ ನಾ ಮನ್ಯಾಗ ಮಾತಾಡ್ಲಿಲ್ಲ. ಹೆಂಡತಿ ಸೊಲ್ಲಾಪುರಕ್ಕ ಅಂತ ಒಂದು ಸೀರಿ ತಗದು ಮಡಚಿ ಇಟ್ಲು. ಮತ್ತ ತಗದು ಮತ್ತೊಂದು ಇಟ್ಲು. ಅಕಿ ಹೆದರಿಕಿ ಅವತ್ತ ನನಗ ಕಂಡಿತು. ಅಂಥಾ ಹೆದರಿಕಿ ಹಿಂದೆಷ್ಟು ಸಲ ಬಂದಿತ್ತೋ, ನಾ ನೋಡಿದ್ದಿಲ್ಲ.

ಸಂಜಿ ಅವ್ವ ಬಸ್ಸಿನ ಟೈಮು ಕೇಳಿದಾಗ ನಾ ಅಂದೆ, ‘ಸೊಲ್ಲಾಪುರಕ್ಕ ಹೋಗೂದ ಬ್ಯಾಡವ್ವಾ. ಸಣ್ಣಾಕಿ ಹುಟ್ಟಿದಾಗನ ಆಪರೇಷನ್ ಆಗೈತಿ.’

ಅಡಗಿ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.

‘ಏನಂದಿ?’ ಅಂದ್ಲು ಅವ್ವ.

‘ಅವತ್ತ ಇಕಿ ಸಾಯೂದಿತ್ತು. ಇನ್ನೊಂದು ಆದ್ರ ಉಳಿಯಾಂಗಿಲ್ಲ ಅಂತ ಡಾಕ್ಟರು ಹೇಳಿದ್ರು. ನಾನ ಮಾಡಿಸ್ಕೋ ಅಂದೆ. ನಿನ್ನ ಮುಂದ ಹೇಳಾಕ ಬಾಯಿ ಬರ್ಲಿಲ್ಲ.’

ಅವ್ವ ನನ್ನ ಬಿಟ್ಟು ಬಾಗಲದ ಕಡೆ ನೋಡಿದ್ಲು. ಹೆಂಡತಿ ಬಂದು ನಿಂತಿದ್ಲು, ಕೈ ತುಂಬ ಜೋಳದ ಹಿಟ್ಟು. ಅಕಿ ನೋಡಾಕತ್ತಿದ್ದು ಅವ್ವನ್ನಲ್ಲ, ನನ್ನ. ನನಗ ಹೆಂಗ ಗೊತ್ತಾತು ಅನ್ನೂದು ಅಕಿಗೆ ಹೊಳೀತು ಅಂತ ಕಾಣ್ತೈತಿ, ಗ್ವಾಡಿ ಹಿಡಕೊಂಡ್ಲು.

‘ಖರೇನ ಏನ?’ ಅವ್ವ ಅಕಿನ್ನ ಕೇಳಿದ್ಲು. ‘ಇವಂಗ ಗೊತ್ತಿತ್ತೇನು?’

ಆ ಹೊತ್ತಿನ್ಯಾಗ ನನಗ ಹೆದರಿಕಿ ಬಂತು. ಇಲ್ಲ ಅಂತ ಅಕಿ ಅಂದ್ರ ಮುಗೀತು. ಅಕಿ ಕಣ್ಣು ನನ್ನ ಮ್ಯಾಲಿಂದ ತಗೀಲಿಲ್ಲ.

‘ಹೌದ್ರಿ ಅತ್ತಿ’ ಅಂದ್ಲು. ‘ಅವ್ರದ ಸಹಿ ಐತ್ರಿ.’

ಅವ್ವ ನೆಲಕ್ಕ ಕುಂತಳು. ಸೆರಗಿನ ಚುಂಗು ಹಿಡದು ಹೊಸಕೋತ ಇದ್ಲು. ‘ಸಾಯೂದಿತ್ತಂತ. ಗಿಡಮೂಲಿಕಿ ಕುಡಿಸಿದ್ನಲ್ಲೋ ಇಕಿಗೆ ಐದು ವರ್ಷ. ಕುಡಿದ್ಲಲ್ಲೋ’ ಅಂದ್ಲು. ಆಮ್ಯಾಲ ‘ಆ ಡಾಕ್ಟರಿಗೆ ಬರಾಂಗಿಲ್ಲ ಅಂತ ಫೋನ್ ಮಾಡು’ ಅಂತ ಎದ್ದು ಹುಡುಗ್ಯಾರ ಹಾಸಿಗಿ ಹಾಸಾಕ ಹೋದ್ಲು. ನನ್ನ ಕೂಡ ಎರಡು ವಾರ ಮಾತಾಡ್ಲಿಲ್ಲ, ಸೊಸಿ ಕೂಡ ಮಾತಾಡಿದ್ಲು.

ನಾ ಅಡಗಿ ಮನಿಗೆ ಹೋದೆ. ಹೆಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಕರಕಾಗಿತ್ತು. ಅದನ್ನ ತಗದು ಬಾಜೂಕ ಇಟ್ಟು ಅಕಿ ಮತ್ತೊಂದು ಹಿಟ್ಟಿನ ಉಂಡಿ ತಗೊಂಡ್ಲು.

‘ಎಷ್ಟ ಕೇಳೀರಿ?’

‘ಪೂರಾ.’

‘ಕೇಳೂಕಿಂತ ಮೊದಲ ಒದರ್ತಾರ ಅಂದಿದ್ದೂ?’

‘ಅದೂ.’

ರೊಟ್ಟಿ ಬಡದ್ಲು, ತಿರುವಿದ್ಲು. ‘ಅವತ್ತ ನನ್ನ ಕೂಡ ಇನ್ನೂ ಆರು ಮಂದಿ ಕುಂತಿದ್ರು. ಅವ್ರ ಗಂಡಂದ್ರೂ ಕೇಳ್ಯಾರೇನ್ರಿ?’

‘ಇಲ್ಲ. ನಾ ಒಬ್ಬಾಂವನ. ನೋಡೇನಿ. ನಂದ ತಪ್ಪು ಅದು.’ ಜೂನ್ ಒಂದರ ಕಥಿ ಹೇಳಿದೆ. ‘ಅಕ್ಕ ಎಲ್ಲಾ ಅಳಸ್ತೇನಿ ಅಂತಾಳ. ನೀ ಹೇಳಿದಂಗ.’

ಅಕಿ ಕೈ ನಿಂತಿತು. ನಾ ಬೈಗಳ ತಿನ್ನಾಕ ತಯಾರಾಗಿದ್ದೆ.

‘ಅಳಸಬ್ಯಾಡ್ರಿ’ ಅಂದ್ಲು. ‘ನಾ ಎಲ್ಲೂ ಹೇಳಿದ್ದಿಲ್ಲ ಅದನ್ನ. ಅಲ್ಲೊಂದು ಕಡೆ ಹೇಳೇನಿ. ಕೀಲಿ ಗಟ್ಟಿ ಹಾಕ್ರಿ. ಉಳದಾವ್ರನ್ನೂ ಅಕ್ಕಾರು ಕೇಳ್ಲಿ, ಅವ್ರವ್ರ ಮರ್ಜಿ. ನಂದು ಮಾತ್ರ ಹುಡುಗ್ಯಾರು ದೊಡ್ಡಾದಮ್ಯಾಲ ಅವ್ರಿಗೆ ತೆರೀಲಿ.’

ಸೋಮವಾರ ಮುಂಜಾನಿ, ಸೊಲ್ಲಾಪುರದ ಬಸ್ ಬಿಡೂ ಹೊತ್ತಿನ್ಯಾಗ, ನಾ ಭಂಡಾರದ ಮುಂದ ಕುಂತೆ. ಅಕ್ಕನ ಒಪ್ಪಿಗಿ ತಗೊಂಡು, ‘ಹೂವಿನ ಹಿಪ್ಪರಗಿ, ಮೂರು’ ಇದಕ್ಕೊಂದು ಬ್ಯಾರೇನ ಗುಂಪು ಮಾಡಿ, ನನ್ನ ಎರಡು ಹೆಣಮಕ್ಕಳ ಹೆಸರು ಹಚ್ಚಿದೆ. ಪ್ರೋಗ್ರಾಮಿಗೆ ಬಿಡ್ಲಿಲ್ಲ, ಕೈಯಿಂದ ಹಚ್ಚಿದೆ. ಹದಿನೆಂಟು ತುಂಬಿದಮ್ಯಾಲ ತೆರೀಬೇಕಂದ್ರ ಹುಟ್ಟಿದ ತಾರೀಖು ಬೇಕಾಗಿತ್ತು. ದೊಡ್ಡಾಕಿದು ಬರದೆ. ಸಣ್ಣಾಕಿದಕ್ಕ ಬಂದಾಗ ಬೆರಳು ನಿಂತುವು. ಇಸವಿ ಗೊತ್ತಿತ್ತು, ತಿಂಗಳು ಗೊತ್ತಿತ್ತು, ದಿವಸ ನೆನಪಾಗ್ಲಿಲ್ಲ. ನರ್ಸಬಾಯಿ ಕೂಡ ಜಗಳಾಡಿದ್ದು ನೆನಪಿತ್ತು, ಬಸ್ಸಿನ ಟೈಮೂ ನೆನಪಿತ್ತು.

ಮನಿಗೆ ಫೋನ್ ಹಚ್ಚಿ ಹೆಂಡತಿನ್ನ ಕೇಳಿದೆ. ಅಕಿ ತಾರೀಖು ಹೇಳಿದ್ಲು. ಎಷ್ಟೊತ್ತಿಗೆ ಅನ್ನೂದನ್ನೂ ಹೇಳಿದ್ಲು, ನಾ ಕೇಳಿರ್ಲಿಲ್ಲ.